ಕಾರ್ಟೂನ್ ಅಂದ್ರೆ ಮಕ್ಕಳದ್ದೇ ತಾನೇ?

ಹೋದ ಸೆಮಿಸ್ಟರ್ ರಜೆಯಲ್ಲಿ ಪೀಣ್ಯ ಎರಡನೇ ಹಂತದಲ್ಲಿರೋ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಚಿಕ್ಕಪ್ಪ ಮಷೀನ್ ಶಾಪ್‌ನಲ್ಲಿ ಕೆಲಸ, ಚಿಕ್ಕಮ್ಮ ಗಾರ್ಮೆಂಟ್ಸ್‌ನಲ್ಲಿ. ಎಂಟು ವರ್ಷದ ತಮ್ಮ ಸ್ಕೂಲಿಂದ ಬಂದ ಮೇಲೆ ಅಜ್ಜಿ ಜೊತೆ ಇರ್ತಾನೆ. ನಿಜ ಹೇಳಬೇಕಂದ್ರೆ ಅಜ್ಜಿಯ ಫೋನ್ ಜೊತೆ ಇರ್ತಾನೆ.

ಅವತ್ತು ಭಾನುವಾರ. ಅವನು ನೋಡ್ತಿದ್ದ ಅನಿಮೆಯಲ್ಲಿ ಒಂದು ತಲೆ ಕತ್ತರಿಸಿ ಉರುಳಿತು, ರಕ್ತ ಚಿಮ್ಮಿತು. ಶುರುವಿನಲ್ಲಿ ಮೂಲೆಯಲ್ಲಿ ಚಿಕ್ಕದಾಗಿ ಇಂಗ್ಲಿಷಲ್ಲಿ ಯು/ಎ 16+ ಅಂತ ಬಂದು ಮಾಯವಾಗಿದ್ದನ್ನ ನಾನು ನೋಡಿದ್ದೆ. ಚಿಕ್ಕಮ್ಮನಿಗೆ ಹೇಳಿದೆ.

"ಕಾರ್ಟೂನ್ ಕಣೇ ಅದು. ಮಕ್ಕಳದ್ದೇ ತಾನೇ?" ಅಂದ್ರು.

"ಇಲ್ಲ ಚಿಕ್ಕಮ್ಮ, ಹದಿನಾರು ವರ್ಷದ ಮೇಲಿನವರಿಗಂತೆ."

"ಹಂಗಂತ ಯಾರು ಹೇಳಿದ್ದು? ಟಾಮ್ ಅಂಡ್ ಜೆರ್ರಿಲೂ ಹೊಡೆದಾಡ್ತಾವಲ್ಲ, ಅದಕ್ಕಿಲ್ಲದ್ದು ಇದಕ್ಕ್ಯಾಕೆ?"

ನನ್ನ ಹತ್ರ ಉತ್ತರ ಇರಲಿಲ್ಲ. ಆದರೆ ಎರಡೂ ಒಳ್ಳೇ ಪ್ರಶ್ನೆಗಳು. ರೇಟಿಂಗ್ ಕೊಡೋದು ಯಾರು? ಎಲ್ಲದಕ್ಕೂ ಒಂದೇ ಅಳತೆ ಇದೆಯಾ? ವಾಪಸ್ ಹಾಸ್ಟೆಲ್‌ಗೆ ಬಂದು ಓದಿ ತಿಳ್ಕೊಂಡಿದ್ದನ್ನ ಇಲ್ಲಿ ಬರೀತಿದ್ದೀನಿ.

ಮೂರು ಬಾಗಿಲು, ಮೂರು ಕಾವಲುಗಾರರು

ಒಂದೇ ಅನಿಮೇಷನ್ ನಮ್ಮ ಹತ್ರ ಮೂರು ದಾರಿಯಲ್ಲಿ ಬರಬಹುದು. ಥಿಯೇಟರ್, ಟಿವಿ, ಫೋನ್. ಮೂರಕ್ಕೂ ನಿಯಮ ಬೇರೆ ಬೇರೆ.

ಥಿಯೇಟರ್‌ಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ. ಸಿಬಿಎಫ್‌ಸಿ, ಅಂದ್ರೆ ನಾವು ಸೆನ್ಸಾರ್ ಬೋರ್ಡ್ ಅಂತ ಕರೆಯೋ ಸಂಸ್ಥೆ, ಪ್ರಮಾಣಪತ್ರ ಕೊಡುತ್ತೆ. ಅದಕ್ಕೆ ಬೆಂಗಳೂರೂ ಸೇರಿ ಒಂಬತ್ತು ಪ್ರಾದೇಶಿಕ ಕಚೇರಿಗಳಿವೆ. ಪ್ರತಿ ಸಿನಿಮಾವನ್ನೂ ಕೆಲವೇ ಜನರ ಪರಿಶೀಲನಾ ಸಮಿತಿ ನೋಡಿ ತೀರ್ಮಾನ ಹೇಳುತ್ತೆ. ಮೊದಲು ಯು, ಯುಎ, ಎ, ಎಸ್ ಅಂತ ಇತ್ತು. 2023ರ ತಿದ್ದುಪಡಿಯಲ್ಲಿ ಯುಎ ಅನ್ನೋದನ್ನ 7+, 13+, 16+ ಅಂತ ಮೂರು ಭಾಗ ಮಾಡಿದ್ರು. ಗಮನಿಸಿ, ಯುಎ ಅಂದ್ರೆ ನಿಷೇಧ ಅಲ್ಲ, ಅಪ್ಪ ಅಮ್ಮ ಯೋಚನೆ ಮಾಡಿ ತೋರಿಸಿ ಅಂತ ಅರ್ಥ. ಎ ಇದ್ರೆ ಮಾತ್ರ 18ರ ಒಳಗಿನವರಿಗೆ ಪ್ರವೇಶ ಇಲ್ಲ.

ಟಿವಿಗೆ 1994ರ ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು. ಮಕ್ಕಳ ಕಾರ್ಯಕ್ರಮದಲ್ಲಿ ಕೆಟ್ಟ ಭಾಷೆ, ನೇರ ಹಿಂಸೆಯ ದೃಶ್ಯ ಇರಬಾರದು. ಮಕ್ಕಳು ಹೆಚ್ಚಾಗಿ ನೋಡೋ ಹೊತ್ತಲ್ಲಿ ಅವರಿಗೆ ತಕ್ಕದಲ್ಲದ್ದನ್ನ ಹಾಕಬಾರದು ಅಂತ ಅದರಲ್ಲಿದೆ. ಆದರೆ 7+, 13+ ಥರದ ವಯಸ್ಸಿನ ಗುರುತು ಆ ನಿಯಮಗಳಲ್ಲಿಲ್ಲ.

ಫೋನ್‌ಗೆ, ಅಂದ್ರೆ ಒಟಿಟಿಗೆ, 2021ರ ಫೆಬ್ರವರಿಯಲ್ಲಿ ಬಂದ ಐಟಿ ನಿಯಮಗಳು. ಯು, ಯು/ಎ 7+, ಯು/ಎ 13+, ಯು/ಎ 16+, ಎ ಅಂತ ಐದು ಹಂತ. ಇಲ್ಲಿ ರೇಟಿಂಗ್ ಕೊಡೋದು ಸರ್ಕಾರ ಅಲ್ಲ, ಆ ಕಂಪನಿಯೇ. ನಮ್ಮ ಲ್ಯಾಬ್ ರೆಕಾರ್ಡ್‌ಗೆ ನಾವೇ ಮಾರ್ಕ್ಸ್ ಹಾಕ್ಕೊಂಡ ಹಾಗೆ. ತಪ್ಪು ಅನ್ನಿಸಿದ್ರೆ ಕಂಪನಿಯ ದೂರು ಅಧಿಕಾರಿಗೆ ಬರೆಯಬಹುದು, ಅವರು 15 ದಿನದಲ್ಲಿ ತೀರ್ಮಾನ ಹೇಳಬೇಕು.

ಹಾಗಾಗಿ ಚಿಕ್ಕಮ್ಮನ ಮೊದಲ ಪ್ರಶ್ನೆಗೆ ಉತ್ತರ: ಅದನ್ನ ಹೇಳಿದ್ದು ಆ ಆಪ್‌ನವರೇ. ಎರಡನೇ ಪ್ರಶ್ನೆಗೆ ಉತ್ತರ ಕೊಡೋಕೆ ಕೆಲವು ಕೇಸ್ ನೋಡಬೇಕು.

ಕೇಸ್ 1: ವೈಟ್‌ಫೀಲ್ಡ್ ಪಾಲೂ ಇದ್ದ ಕಾಡು

2016ರ 'ದಿ ಜಂಗಲ್ ಬುಕ್' ನೆನಪಿದೆಯಾ? ಅದರಲ್ಲಿ ಮೋಗ್ಲಿ ಪಾತ್ರದ ಹುಡುಗನನ್ನ ಬಿಟ್ರೆ ಹೆಚ್ಚುಕಡಿಮೆ ಎಲ್ಲಾ ಕಂಪ್ಯೂಟರ್‌ನಲ್ಲಿ ಮಾಡಿದ್ದು. ಹುಲಿ, ಕರಡಿ, ಹಾವು, ಮರ ಎಲ್ಲಾ. ಆ ಕೆಲಸದಲ್ಲಿ ವೈಟ್‌ಫೀಲ್ಡ್ ಕಡೆ ಇದ್ದ ಟೆಕ್ನಿಕಲರ್ ಸಮೂಹದ ಎಂಪಿಸಿ ಸ್ಟುಡಿಯೋದ ಕಲಾವಿದರೂ ಇದ್ರು. ಸಿನಿಮಾಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. (ಆ ಸಮೂಹ 2025ರಲ್ಲಿ ಕುಸಿದು ಇಲ್ಲಿನ ಕಚೇರಿಯೂ ಮುಚ್ಚಿತು, ಅದು ಬೇರೆ ಕಥೆ.)

ಸಿಬಿಎಫ್‌ಸಿ ಅದಕ್ಕೆ ಕೊಟ್ಟಿದ್ದು ಯುಎ. ಆಗ ಯುಎ ಅಂದ್ರೆ 12ರ ಒಳಗಿನ ಮಕ್ಕಳಿಗೆ ಪೋಷಕರ ಮಾರ್ಗದರ್ಶನ ಬೇಕು ಅಂತ. ಮಕ್ಕಳ ಕಥೆಗೆ ಯುಎ ಯಾಕೆ ಅಂತ ದೇಶದ ತುಂಬ ನಗಾಡಿದ್ರು. ಆಗಿನ ಅಧ್ಯಕ್ಷ ಪಹ್ಲಾಜ್ ನಿಹಲಾನಿ ಕೊಟ್ಟ ಕಾರಣ ಏನಂದ್ರೆ, 3ಡಿಯಲ್ಲಿ ಪ್ರಾಣಿಗಳು ಮೈಮೇಲೇ ಎಗರಿದ ಹಾಗೆ ಕಾಣುತ್ತೆ, ಮಕ್ಕಳು ಹೆದರ್ತಾರೆ.

ಮೊದಲು ನನಗೂ ನಗು ಬಂತು. ಆಮೇಲೆ ನೋಡಿದ್ರೆ ಅಮೆರಿಕದಲ್ಲೂ ಅದಕ್ಕೆ ಪಿಜಿ, ಅಂದ್ರೆ ಹೆಚ್ಚುಕಡಿಮೆ ಅದೇ ಅರ್ಥ. ಬ್ರಿಟನ್‌ನಲ್ಲೂ ಪಿಜಿ. ಅಂದ್ರೆ ರೇಟಿಂಗ್ ಅಷ್ಟೇನೂ ವಿಚಿತ್ರ ಆಗಿರಲಿಲ್ಲ. "ಪುಸ್ತಕ ಮಕ್ಕಳದ್ದು, ಹಾಗಾಗಿ ಸಿನಿಮಾನೂ ಮಕ್ಕಳದ್ದು" ಅನ್ನೋ ನಮ್ಮ ಲೆಕ್ಕವೇ ತಪ್ಪಿತ್ತು. ಚಿಕ್ಕಮ್ಮ ಮಾಡಿದ್ದೂ ಅದೇ ಲೆಕ್ಕ: ಚಿತ್ರ ಬರೆದಿದ್ದಾರೆ, ಹಾಗಾಗಿ ಮಕ್ಕಳಿಗೆ.

ಕೇಸ್ 2: ಶಿನ್‌ಚಾನ್

ನಾವೆಲ್ಲಾ ನೋಡಿ ಬೆಳೆದಿದ್ದು. ಇದರ ಜಾತಕ ಓದಿದಾಗ ನನಗೆ ಆಶ್ಚರ್ಯ ಆಯ್ತು. 1990ರಲ್ಲಿ ಇದು ಶುರುವಾಗಿದ್ದು ಜಪಾನಿನ ದೊಡ್ಡವರ ಕಾಮಿಕ್ ಪತ್ರಿಕೆಯಲ್ಲಿ. 1992ರಿಂದ ಅಲ್ಲಿ ಟಿವಿಯಲ್ಲಿ ಮನೆಮಂದಿಯೆಲ್ಲಾ ನೋಡೋ ಕಾರ್ಯಕ್ರಮ ಆಯ್ತು. ನಮ್ಮಲ್ಲಿ 2006ರಲ್ಲಿ ಹಂಗಾಮಾ ಅನ್ನೋ ಮಕ್ಕಳ ಚಾನೆಲ್‌ಗೆ ಬಂತು. ಅದೇ 2006ರಲ್ಲಿ ಅಮೆರಿಕದಲ್ಲಿ ಬಂದಿದ್ದು ರಾತ್ರಿ ದೊಡ್ಡವರಿಗಾಗಿ ನಡೆಯೋ ಅಡಲ್ಟ್ ಸ್ವಿಮ್‌ನಲ್ಲಿ, ಮಾತುಗಳನ್ನೆಲ್ಲಾ ಬದಲಾಯಿಸಿ, ಟಿವಿ-ಎಂಎ ರೇಟಿಂಗ್ ಜೊತೆ. ಒಂದೇ ಹುಡುಗ, ಒಂದೇ ಚಡ್ಡಿ, ಒಂದು ದೇಶದಲ್ಲಿ ಮಕ್ಕಳಿಗೆ, ಇನ್ನೊಂದರಲ್ಲಿ ದೊಡ್ಡವರಿಗೆ ಮಾತ್ರ.

2008ರಲ್ಲಿ ನಮ್ಮ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಶಿನ್‌ಚಾನ್ ನಿಲ್ಲಿಸಿತು. 2009ರಲ್ಲಿ ಕತ್ತರಿ ಹಾಕಿಸ್ಕೊಂಡು ವಾಪಸ್ ಬಂತು. ಟಿವಿಯಲ್ಲಿ ವಯಸ್ಸಿನ ಗುರುತೇ ಇಲ್ಲದಿದ್ರೆ ಹೀಗೇ ಆಗೋದು. ಇರೋದು ಆನ್ ಮತ್ತು ಆಫ್ ಎರಡೇ ಸ್ವಿಚ್. "ಹತ್ತು ವರ್ಷದ ಮೇಲೆ ಪರವಾಗಿಲ್ಲ" ಅಂತ ಹೇಳೋಕೆ ದಾರಿ ಇಲ್ಲ.

ಕೇಸ್ 3: ಸುತ್ತಿಗೆ ಓಕೆ, ಸಿಗರೇಟು ಬೇಡ

ಈಗ ಚಿಕ್ಕಮ್ಮನ ಟಾಮ್ ಅಂಡ್ ಜೆರ್ರಿ. ಇದು 1940ರಲ್ಲಿ ಶುರುವಾಗಿದ್ದು ಥಿಯೇಟರ್‌ಗಾಗಿ, ಅಲ್ಲಿ ದೊಡ್ಡವರೂ ನೋಡ್ತಿದ್ರು. 2006ರಲ್ಲಿ ಬ್ರಿಟನ್‌ನಲ್ಲಿ ಒಬ್ಬ ವೀಕ್ಷಕರು ಆಫ್‌ಕಾಮ್ ಅನ್ನೋ ಪ್ರಸಾರ ನಿಯಂತ್ರಕರಿಗೆ ದೂರು ಕೊಟ್ರು. ದೂರು ಸುತ್ತಿಗೆ, ಬಾಂಬ್ ಬಗ್ಗೆ ಅಲ್ಲ, ಸಿಗರೇಟ್ ಬಗ್ಗೆ! ಚಾನೆಲ್‌ನವರು ಹಳೇ ಕಾರ್ಟೂನ್‌ಗಳನ್ನ ಹುಡುಕಿ, ಸಿಗರೇಟು ಸೇದೋದನ್ನ ಆಕರ್ಷಕವಾಗಿ ತೋರಿಸೋ ದೃಶ್ಯ ತೆಗೆಯೋಕೆ ಒಪ್ಪಿದ್ರು.

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಅನ್ನಿಸುತ್ತಾ? ಸ್ವಲ್ಪ ಯೋಚಿಸಿ. ಟಾಮ್ ಚಪ್ಪಟೆಯಾಗಿ ಮರುಕ್ಷಣ ಎದ್ದು ಬರ್ತಾನೆ, ಅದು ಸುಳ್ಳು ಅಂತ ಮಕ್ಕಳಿಗೆ ಗೊತ್ತು. ಸಿಗರೇಟು ಮಾತ್ರ ಬೀದಿ ಕೊನೆಯ ಅಂಗಡಿಯಲ್ಲೇ ಸಿಗುತ್ತೆ. ನಮ್ಮ 2021ರ ನಿಯಮಗಳೂ ಹಿಂಸೆ ಇದೆಯಾ ಇಲ್ವಾ ಅಂತ ಅಷ್ಟೇ ಕೇಳಲ್ಲ. ಸಂದರ್ಭ, ವಿಷಯ, ಧಾಟಿ, ಪರಿಣಾಮ, ಯಾರಿಗಾಗಿ ಮಾಡಿದ್ದು ಅನ್ನೋದನ್ನೂ ನೋಡಿ ಅನ್ನುತ್ತವೆ. ತಮ್ಮ ನೋಡ್ತಿದ್ದ ಅನಿಮೆಯಲ್ಲಿ ಸತ್ತವನು ಎದ್ದು ಬರಲಿಲ್ಲ, ಅವನ ತಂಗಿ ಅಳ್ತಾ ಕೂತಿದ್ಲು. ಚಿಕ್ಕಮ್ಮನ ಪ್ರಶ್ನೆಗೆ ಇದೇ ಉತ್ತರ.

ಆದರೆ ಆ 'ಧಾಟಿ', 'ಪರಿಣಾಮ'ವನ್ನ ಅಳೆಯೋಕೆ ಮೀಟರ್ ಇಲ್ಲ. 'ಡೀಮನ್ ಸ್ಲೇಯರ್: ಮುಗೆನ್ ಟ್ರೈನ್' ಸಿನಿಮಾಗೆ ಜಪಾನಿನಲ್ಲಿ ಪಿಜಿ12, ಮಕ್ಕಳು ಅಪ್ಪ ಅಮ್ಮನ ಜೊತೆ ಹೋಗಿ ನೋಡಬಹುದಿತ್ತು. ಅಮೆರಿಕದಲ್ಲಿ ಅದಕ್ಕೆ ಆರ್, ಅಂದ್ರೆ 17ರ ಒಳಗಿನವರು ದೊಡ್ಡವರ ಜೊತೆ ಬಂದ್ರೆ ಮಾತ್ರ ಒಳಗೆ. ರಕ್ತ ಅದೇ, ಫ್ರೇಮ್ ಅದೇ.

ನಮ್ಮನ್ನೂ ಕೇಳಿಕೊಳ್ಳೋಣ. 2025ರ ಜುಲೈನಲ್ಲಿ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ 'ಮಹಾವತಾರ್ ನರಸಿಂಹ' ಕನ್ನಡದಲ್ಲೂ ಬಂತು. ಎಷ್ಟೋ ಮನೆಗಳಲ್ಲಿ ಮಕ್ಕಳನ್ನ ಕರ್ಕೊಂಡು ಹೋದ್ರು. ಹಿರಣ್ಯಕಶಿಪುವಿನ ಹೊಟ್ಟೆ ಬಗೆಯೋದು ನಮಗೆ ಯಕ್ಷಗಾನದಿಂದ, ಅಜ್ಜಿ ಕಥೆಯಿಂದ, 1983ರ 'ಭಕ್ತ ಪ್ರಹ್ಲಾದ'ದಿಂದ ಗೊತ್ತಿರೋ ದೃಶ್ಯ. ಹಾಗಾಗಿ ಅದು ನಮಗೆ ಹಿಂಸೆ ಅಂತ ಅನ್ನಿಸೋದೇ ಇಲ್ಲ, ನ್ಯಾಯ ಅನ್ನಿಸುತ್ತೆ. ಅದೇ ಗತಿ ಜಪಾನಿನ ಯಾವುದೋ ರಾಕ್ಷಸನಿಗೆ ಆದ್ರೆ "ಅಯ್ಯೋ, ಎಂಥದ್ದು ನೋಡ್ತಿದ್ದೀಯ" ಅಂತೀವಿ. ಪರಿಚಯ ಇರೋದು ಸೌಮ್ಯವಾಗಿ ಕಾಣುತ್ತೆ. ರೇಟಿಂಗ್ ಕೊಡೋ ಸಮಿತಿಯವರೂ ನಮ್ಮ ಹಾಗೇ ಮನುಷ್ಯರು.

ಅಳೆಯೋಕೆ ಆಗೋದು, ಆಗದ್ದು

ಮೊದಲ ವರ್ಷದ ಲ್ಯಾಬ್‌ನಲ್ಲಿ ಅಕ್ಯುರಸಿ, ಪ್ರಿಸಿಷನ್ ಬೇರೆ ಬೇರೆ ಅಂತ ಕಲಿತ್ವಲ್ಲ. ಪ್ರತಿ ಸಲ ಒಂದೇ ರೀಡಿಂಗ್ ಬಂದ್ರೆ ಪ್ರಿಸಿಷನ್, ಸರಿಯಾದ ರೀಡಿಂಗ್ ಬಂದ್ರೆ ಅಕ್ಯುರಸಿ. ರೇಟಿಂಗ್‌ನಲ್ಲಿ 'ಒಂದೇ ಸಮ' ಇರೋದು ಪ್ರಿಸಿಷನ್, 'ನ್ಯಾಯ' ಅಕ್ಯುರಸಿ. ಎಲ್ಲಾ ಅನಿಮೇಷನ್‌ಗೂ ಕಣ್ಮುಚ್ಚಿ ಯು ಕೊಟ್ರೆ ಪ್ರಿಸಿಷನ್ ನೂರಕ್ಕೆ ನೂರು, ನ್ಯಾಯ ಸೊನ್ನೆ.

ನಿಜವಾಗಿ ಅಳೆಯಬಹುದಾದ ಒಂದು ವಿಷಯವೂ ಇದೆ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್‌ನ ಒಂದು ಸಂಚಿಕೆಯಲ್ಲಿ ಕೆಂಪು ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲ ಮಿನುಗಿತು. ಸುಮಾರು 685 ಜನರನ್ನ, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಕರ್ಕೊಂಡು ಹೋಗಬೇಕಾಯ್ತು. ಆ ಸಂಚಿಕೆಯಲ್ಲಿ ರಕ್ತ ಇರಲಿಲ್ಲ, ಬೈಗುಳ ಇರಲಿಲ್ಲ. ಆಮೇಲೆ ಜಪಾನಿನ ಪ್ರಸಾರಕರು ಮಿನುಗೋ ಬೆಳಕಿಗೆ ಮಿತಿ ಹಾಕಿದ್ರು, ಮುಖ್ಯವಾಗಿ ಕೆಂಪಿಗೆ ಸೆಕೆಂಡಿಗೆ ಮೂರು. ವೆಬ್ ಡೆವಲಪ್‌ಮೆಂಟ್ ಮಾಡೋರಿಗೆ ಈ 'ಸೆಕೆಂಡಿಗೆ ಮೂರು' ಡಬ್ಲ್ಯುಸಿಎಜಿ ಮಾರ್ಗಸೂಚಿಯಿಂದ ಗೊತ್ತಿರುತ್ತೆ.

ಇಂಥ ನಿಯಮ ಎಲ್ಲಿ ಹಾಕಿದ್ರೂ ಒಂದೇ ಉತ್ತರ ಕೊಡುತ್ತೆ. ಭಯ, ದುಃಖ, ಅಸಭ್ಯತೆಗೆ ಹಾಗೆ ಹರ್ಟ್ಝ್ ಲೆಕ್ಕ ಇಲ್ಲ. ಅಲ್ಲಿ ಮನುಷ್ಯರ ತೀರ್ಪೇ ಗತಿ.

ನೀವೇ ಮಾಡಿ ನೋಡಿ

ಮನುಷ್ಯರ ತೀರ್ಪು ಎಷ್ಟು ಹೊಂದುತ್ತೆ ಅಂತ ನೋಡೋಕೆ ಸ್ಟಾಟಿಸ್ಟಿಕ್ಸ್‌ನಲ್ಲಿ ಕೋಹೆನ್ಸ್ ಕಪ್ಪಾ ಅಂತ ಒಂದು ಅಳತೆ ಇದೆ. ಉದಾಹರಣೆಗೆ ನೀವು, ನಿಮ್ಮ ರೂಮ್‌ಮೇಟ್ ಬೇರೆ ಬೇರೆ ಕೂತು 20 ಸಂಚಿಕೆ ನೋಡಿ, ಇಬ್ಬರೂ 10ಕ್ಕೆ 'ಎಂಟು ವರ್ಷದವರಿಗೆ ಸರಿ', 10ಕ್ಕೆ 'ಬೇಡ' ಅಂದ್ರಿ ಅಂತ ಇಟ್ಕೊಳ್ಳಿ. 16 ಸಂಚಿಕೆಗೆ ಇಬ್ಬರದೂ ಒಂದೇ ಉತ್ತರ. ಒಪ್ಪಿಗೆ 0.8. ಆದರೆ ನಾಣ್ಯ ಚಿಮ್ಮಿ ಹೇಳಿದ್ರೂ ಅರ್ಧಕ್ಕೆ, ಅಂದ್ರೆ 0.5ಕ್ಕೆ, ಉತ್ತರ ಹೊಂದ್ತಿತ್ತು. ಹಾಗಾಗಿ

ಕಪ್ಪಾ = (0.8 − 0.5) ÷ (1 − 0.5) = 0.6

1 ಬಂದ್ರೆ ಪೂರ್ತಿ ಒಪ್ಪಿಗೆ, 0 ಬಂದ್ರೆ ನಾಣ್ಯ ಚಿಮ್ಮಿದ ಹಾಗೆ. ಹೊಂದದ ಆ 4 ಸಂಚಿಕೆಗಳ ಬಗ್ಗೆ ಕೂತು ಮಾತಾಡಿ. ನಿಜವಾದ ಪಾಠ ಅಲ್ಲಿರೋದು. ಒಬ್ಬರಿಗೆ ರಕ್ತ ಕಂಡಿರುತ್ತೆ, ಇನ್ನೊಬ್ಬರಿಗೆ ಸಾವಿನ ದುಃಖ. ಇಬ್ಬರ ಕಾರಣವೂ ಸರಿ ಇರಬಹುದು, ಆದರೆ ಬರೀ 13+ ಅಂತ ಬರೆದ್ರೆ ಆ ಕಾರಣ ಕಾಣಲ್ಲ.

ಹಾಗಾದ್ರೆ ನ್ಯಾಯ ಇದೆಯಾ?

ನನಗೆ ಅನ್ನಿಸಿದ್ದು ಇದು. ಸಂಖ್ಯೆ ದೇಶದಿಂದ ದೇಶಕ್ಕೆ, ಸಮಿತಿಯಿಂದ ಸಮಿತಿಗೆ ಸ್ವಲ್ಪ ಆಚೀಚೆ ಆಗೋದು ಅನ್ಯಾಯ ಅಲ್ಲ, ಅದು ಈ ಕೆಲಸದ ಸ್ವಭಾವ. ಯಾರಿಗೆ ಕಾರಣ ತಿಳಿಬೇಕೋ ಅವರಿಗೆ ಅದು ತಲುಪದೇ ಇರೋದೇ ಅನ್ಯಾಯ. 2021ರ ನಿಯಮದಲ್ಲಿ ರೇಟಿಂಗ್ ಜೊತೆ ಏನಿದೆ ಅಂತ ವಿವರಣೆ ಕೊಡಬೇಕು, ನೋಡೋಕೆ ಮುಂಚೆ ಜನ ತಿಳಿದು ತೀರ್ಮಾನ ಮಾಡೋ ಹಾಗಿರಬೇಕು ಅಂತ ಇದೆ. ಆವತ್ತು ಆ ಫೋನ್‌ನಲ್ಲಿ ಆ ವಿವರಣೆ ಇಂಗ್ಲಿಷಲ್ಲಿ ಬಂದು ಹೋಯ್ತು. ಚಿಕ್ಕಮ್ಮ ಏಳನೇ ಕ್ಲಾಸ್‌ವರೆಗೆ ಕನ್ನಡ ಶಾಲೆಯಲ್ಲಿ ಓದಿದವರು. "ಹಿಂಸೆ, ರಕ್ತ, ಸಾವು" ಅಂತ ಕನ್ನಡದಲ್ಲಿ ಮೂರು ಪದ ಇದ್ದಿದ್ರೆ ನಾನು ಹೇಳೋದೇ ಬೇಕಿರಲಿಲ್ಲ.

ಇದು ಕಷ್ಟದ ಇಂಜಿನಿಯರಿಂಗ್ ಅಲ್ಲ. ಕೆಲವೇ ಪದಗಳ ಪಟ್ಟಿ, ಒಂದು ಸಲ ಅನುವಾದ ಮಾಡಿ ಇಟ್ಟರೆ ಆಯ್ತು. ನಾಳೆ ನಮ್ಮಲ್ಲಿ ಎಷ್ಟೋ ಜನ ಇಂಥ ಆಪ್‌ಗಳನ್ನೇ ಬರೆಯೋರು, ಅದಕ್ಕೇ ಹೇಳ್ತಿದ್ದೀನಿ. ಅಲ್ಲಿವರೆಗೆ ಮನೆಗೆ ಹೋದಾಗ ಎರಡು ಕೆಲಸ ಮಾಡಬಹುದು. ಯು/ಎ 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಇರಬೇಕು ಅಂತ ನಿಯಮ ಇದೆ, ಅದನ್ನ ಆನ್ ಮಾಡಿ. ಆ ಇಂಗ್ಲಿಷ್ ಪದಗಳ ಅರ್ಥ ಮನೆಯವರಿಗೆ ಒಂದು ಸಲ ಹೇಳಿಕೊಡಿ.

ನಾನು ಮಾಡಿದ್ದೂ ಅಷ್ಟೇ. ಒಂದು ಚೀಟಿಯಲ್ಲಿ ಪದಗಳನ್ನ ಕನ್ನಡದಲ್ಲಿ ಬರೆದು ಅಜ್ಜಿ ಫೋನ್ ಕವರ್ ಒಳಗೆ ಇಟ್ಟು ಬಂದೆ. ಹೋದ ವಾರ ಚಿಕ್ಕಮ್ಮ ಫೋನ್ ಮಾಡಿ, "ನಿನ್ನ ತಮ್ಮ ಚೀಟಿ ಕಿತ್ತಾಕಿದ್ದಾನೆ, ಇನ್ನೊಂದು ಬರೆದುಕೊಡೇ" ಅಂದ್ರು. ಈ ಸಲ ಎರಡು ಕಾಪಿ ಮಾಡ್ತಿದ್ದೀನಿ.

ಓದಿದ್ದು ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ತಪ್ಪಿದ್ರೆ ತಿದ್ದಿ. ನಿಮ್ಮ ಕಪ್ಪಾ ಎಷ್ಟು ಬಂತು ಅಂತ ಸಂಘಕ್ಕೆ ಬರೆದು ಕಳಿಸಿ.