ಮನೆಯ ನೋವಿಗೆ ಮನೆಯವರೆಲ್ಲರ ಮಾತು

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆಯನ್ನು ಈ ಶಾಲೆಯಲ್ಲಿ ವಿಸ್ತರಿಸಿ ಬರೆದು ಅಂಕ ಪಡೆದವರು ನಾವು. ಅದರ ಅರ್ಥ ನನಗಾದುದು ಅನೇಕ ವರ್ಷಗಳ ನಂತರ, ನಮ್ಮ ಮನೆಯಲ್ಲಿಯೇ.

ನನ್ನ ತಮ್ಮ ಹತ್ತನೆಯ ತರಗತಿಯಲ್ಲಿದ್ದಾಗ ಶಾಲೆಗೆ ಹೋಗುವುದನ್ನು ನಿಲ್ಲಿಸಿದನು. ಅಪ್ಪ ಅದನ್ನು ಸೋಮಾರಿತನವೆಂದರು. ಅವ್ವ ದೃಷ್ಟಿ ತಾಗಿದೆಯೆಂದು ನಿವಾಳಿಸಿದಳು. ಓದು ತಲೆಗೆ ಹತ್ತುತ್ತಿಲ್ಲವೆಂದು ನಾನು ತಿಳಿದೆನು. ಕಾರಣಗಳು ಮೂರಾದರೂ ಸರಿಪಡಿಸಬೇಕಾದವನು ಅವನೊಬ್ಬನೇ ಎಂಬುದರಲ್ಲಿ ನಮಗೆ ಒಮ್ಮತವಿತ್ತು.

ಕೊನೆಗೆ ಆಪ್ತಸಮಾಲೋಚಕರೊಬ್ಬರಲ್ಲಿಗೆ ಹೋದೆವು. ಅವರು ಎಲ್ಲರನ್ನೂ ಒಟ್ಟಿಗೆ ಕೂರಿಸಿದರು. ಕೌಟುಂಬಿಕ ಚಿಕಿತ್ಸೆಯ ಮೂಲತತ್ತ್ವವೇ ಇದು: ಮನೆಯಲ್ಲಿ ಒಬ್ಬರ ನಡತೆ ಇನ್ನೊಬ್ಬರ ನಡತೆಗೆ ಕಾರಣವೂ ಹೌದು, ಪರಿಣಾಮವೂ ಹೌದು. ಆದುದರಿಂದ ತಪ್ಪಿತಸ್ಥನನ್ನು ಹುಡುಕುವ ಬದಲು ಸಂಬಂಧಗಳ ಸುತ್ತನ್ನು ನೋಡಬೇಕು. ನಮ್ಮ ದೇಶಕ್ಕೆ ಈ ವಿಚಾರ ಹೊಸದಲ್ಲ. 1950ರ ದಶಕದಲ್ಲಿಯೇ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ರೋಗಿಗಳ ಬಂಧುಗಳನ್ನು ಡೇರೆಗಳಲ್ಲಿ ಉಳಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಕುಟುಂಬಗಳಿಗಾಗಿಯೇ ಪ್ರತ್ಯೇಕ ಮನೋಚಿಕಿತ್ಸಾ ಕೇಂದ್ರವಿದೆ.

“ಶಾಲೆಗೆ ಏಕೆ ಹೋಗುವುದಿಲ್ಲ?” ಎಂದು ಸಮಾಲೋಚಕರು ತಮ್ಮನನ್ನು ಕೇಳಲಿಲ್ಲ. “ಅಪ್ಪ ಅವ್ವ ಮಾತು ಬಿಟ್ಟ ದಿನ ಮನೆಯಲ್ಲಿ ಯಾರಿಗೆ ಹೆಚ್ಚು ಭಯ?” ಎಂದು ನನ್ನನ್ನು ಕೇಳಿದರು. ಇಬ್ಬರ ನಡುವಿನ ವಿಷಯವನ್ನು ಮೂರನೆಯವರಲ್ಲಿ ಕೇಳುವ ಈ ಕ್ರಮ ಇಟಲಿಯ ಮಿಲಾನ್ ನಗರದ ಚಿಕಿತ್ಸಕರು ರೂಪಿಸಿದುದು. ನನಗೆ ಉತ್ತರ ತೋಚಲಿಲ್ಲ. ತಮ್ಮನೇ ಬಾಯಿಬಿಟ್ಟನು: “ನಾನು ಶಾಲೆಗೆ ಹೋದರೆ ಅವ್ವ ಮನೆ ಬಿಟ್ಟು ಹೋಗಿಬಿಡುತ್ತಾಳೆ.”

ಮಳೆ ಕೈಕೊಟ್ಟ ವರ್ಷದ ಸಾಲಕ್ಕಾಗಿ ರಾತ್ರಿ ನಡೆದ ಜಗಳದಲ್ಲಿ ಅವ್ವ ಆಡಿದ ಮಾತನ್ನು ಅವನು ಕೇಳಿಸಿಕೊಂಡಿದ್ದನು. ಅಂದಿನಿಂದ ಅವಳನ್ನು ಕಾಯುತ್ತಿದ್ದನು. ಅವನು ಮನೆಯಲ್ಲಿ ಉಳಿದಷ್ಟೂ ಅಪ್ಪನ ಸಿಟ್ಟು ಹೆಚ್ಚಿತು; ಸಿಟ್ಟು ಹೆಚ್ಚಿದಷ್ಟೂ ಅವ್ವನ ಕಣ್ಣೀರು; ಕಣ್ಣೀರು ಕಂಡಷ್ಟೂ ಅವನ ಕಾವಲು.

ಅಂದು ಅಪ್ಪ ಸಾಲದ ಲೆಕ್ಕವನ್ನು ಮೊದಲ ಬಾರಿಗೆ ಎಲ್ಲರ ಮುಂದಿಟ್ಟರು. ಸಾಲ ತೀರಲು ವರ್ಷಗಳೇ ಬೇಕಾದವು. ತಮ್ಮನಿಗೆ ಆ ವರ್ಷದ ಪರೀಕ್ಷೆ ತಪ್ಪಿತು. ಮರುವರ್ಷ ಇದೇ ಶಾಲೆಯಿಂದ ಉತ್ತೀರ್ಣನಾದನು.

ಹೊಡೆತ ಬಡಿತಗಳಿರುವ ಮನೆಯಲ್ಲಿ ರಕ್ಷಣೆಯೇ ಮೊದಲು, ಮಾತುಕತೆ ಆನಂತರ. ಉಳಿದಂತೆ, ನಮ್ಮ ಮದ್ದೂರು ಸೀಮೆಯ ಪಾಲಕರಲ್ಲಿ ಒಂದು ಬಿನ್ನಹ. ಮಗು ಮಂಕಾದರೆ “ಇವನಿಗೇನಾಯಿತು?” ಎನ್ನುವುದಕ್ಕೆ ಮೊದಲು “ನಮ್ಮೊಳಗೇನಾಗಿದೆ?” ಎಂದು ಕೇಳಿಕೊಳ್ಳೋಣ. ನೆರವು ಬೇಕಾದರೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡಕ್ಕೂ ಸ್ಥಾನವಿದೆ.