ಕೇರೋ: ಎರಡು ಮಹಾನದಿಗಳ ಸಂಗಮದ ಊರು

ನದಿಗಳು ಕೂಡುವ ಎಡೆಯಲ್ಲಿ ನಗರಗಳು ಬೆಳೆಯುತ್ತವೆಂಬುದು ಭೂಗೋಳಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಈ ಪಾಠ ಎಷ್ಟರಮಟ್ಟಿಗೆ ನಿಜ, ಎಲ್ಲಿಂದಾಚೆಗೆ ಅದು ಸಾಲದು ಎಂಬುದನ್ನು ತಿಳಿಯಬೇಕಾದರೆ ಅಮೆರಿಕ ಸಂಯುಕ್ತ ಸಂಸ್ಥಾನದ ಒಂದು ಪುಟ್ಟ ಊರಿನ ವೃತ್ತಾಂತವನ್ನು ನೋಡಬೇಕು. ಇಲಿನಾಯ್ ರಾಜ್ಯದ ದಕ್ಷಿಣದ ತುತ್ತತುದಿಯಲ್ಲಿರುವ ಈ ಊರಿಗೆ ಈಜಿಪ್ಟಿನ ಕೈರೋ ನಗರದ ಹೆಸರನ್ನೇ ಇಟ್ಟಿದ್ದಾರೆ. ಆದರೆ ಅಲ್ಲಿಯ ಜನ ಅದನ್ನು ‘ಕೇರೋ’ ಎಂದು ಉಚ್ಚರಿಸುವರು.

ಸ್ಥಾನ

ಉತ್ತರದಿಂದ ಬರುವ ಮಿಸಿಸಿಪ್ಪಿ ನದಿಯೂ ಪೂರ್ವದಿಂದ ಬರುವ ಒಹಾಯೋ ನದಿಯೂ ಕೇರೋ ಊರಿನ ತೆಂಕಣ ತುದಿಯಲ್ಲಿ ಕೂಡುತ್ತವೆ. ಹೆಸರು ಮಿಸಿಸಿಪ್ಪಿಗೆ ಉಳಿದರೂ ಇಲ್ಲಿ ಹೆಚ್ಚು ನೀರನ್ನು ತರುವುದು ಒಹಾಯೋ. ಒಂದು ದಡದಾಚೆ ಮಿಸೌರಿ, ಇನ್ನೊಂದು ದಡದಾಚೆ ಕೆಂಟಕಿ. ಇಲಿನಾಯ್ ರಾಜ್ಯದಲ್ಲೆಲ್ಲ ಅತಿ ತಗ್ಗಾದ ನೆಲ ಈ ಸಂಗಮದ್ದೇ. ಆದಕಾರಣ ಊರಿನ ಸುತ್ತಲೂ ಎತ್ತರದ ಏರಿಗಳನ್ನು ಕಟ್ಟಿದ್ದಾರೆ. ಉತ್ತರದ ಹೆಬ್ಬಾಗಿಲಿನಲ್ಲಿ ದೊಡ್ಡದೊಂದು ಉಕ್ಕಿನ ಬಾಗಿಲುಂಟು. ಅದನ್ನು ಇಳಿಸಿದರೆ ಊರು ಕೋಟೆಯಂತೆ ಮುಚ್ಚಿಕೊಳ್ಳುವುದು.

ಇತಿಹಾಸ

ಇಲ್ಲಿ ನಗರ ಕಟ್ಟುವ ಮೊದಲ ಯತ್ನ 1818ರಲ್ಲಿ ನಡೆದು ವಿಫಲವಾಯಿತು. 1837ರ ನಂತರ ಡೇರಿಯಸ್ ಹಾಲ್‌ಬ್ರೂಕ್ ಎಂಬಾತನ ಕಂಪನಿ ಲಂಡನ್ನಿನಲ್ಲಿ ಸಾಲಪತ್ರಗಳನ್ನು ಮಾರಿ ಹಣ ಕೂಡಿಸಿತು. ಅದೂ ಬೇಗನೆ ಮುಳುಗಿತು. 1842ರಲ್ಲಿ ಈ ದಾರಿಯಾಗಿ ಹಡಗಿನಲ್ಲಿ ಹೋದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಈ ಜೌಗುನೆಲವನ್ನು ಕಟುವಾಗಿ ಹಳಿದನು.

ಊರಿಗೆ ನಿಜವಾದ ಜೀವ ಬಂದುದು 1850ರ ದಶಕದಲ್ಲಿ, ಇಲಿನಾಯ್ ಸೆಂಟ್ರಲ್ ರೈಲುಮಾರ್ಗ ಇಲ್ಲಿಗೆ ತಲುಪಿದಾಗ. ಅಂತರ್ಯುದ್ಧ ಕಾಲದಲ್ಲಿ, 1861ರ ಸೆಪ್ಟೆಂಬರಿನಲ್ಲಿ, ಸೇನಾನಿ ಗ್ರಾಂಟ್ ಇಲ್ಲಿ ತನ್ನ ಪಾಳೆಯ ಹೂಡಿದನು. ದಕ್ಷಿಣದ ಕೋಟೆಗಳ ಮೇಲೆ 1862ರ ಫೆಬ್ರವರಿಯಲ್ಲಿ ನಡೆದ ದಾಳಿಗೆ ಇಲ್ಲಿಂದಲೇ ಸಿದ್ಧತೆಯಾಯಿತು. ಇಲಿನಾಯ್ ಗುಲಾಮಗಿರಿಯಿಲ್ಲದ ರಾಜ್ಯ. ಎರಡೂ ದಡಗಳಾಚೆಯವು ಗುಲಾಮಗಿರಿಯ ನಾಡುಗಳು. ಆದ್ದರಿಂದ ತಪ್ಪಿಸಿಕೊಂಡು ಬಂದ ಕಪ್ಪುಜನರಿಗೆ ಕೇರೋ ಬಿಡುಗಡೆಯ ಹೊಸ್ತಿಲಾಗಿತ್ತು. ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ ಹಕ್ ಮತ್ತು ಜಿಮ್ ತಲುಪಲು ಹವಣಿಸಿ, ತಲುಪದೆ ಹೋಗುವ ಊರು ಇದೇ.

ಜನಸಂಖ್ಯೆ

ಊರಿನ ಏಳುಬೀಳುಗಳನ್ನು ಜನಗಣತಿಯ ಅಂಕಿಗಳೇ ಹೇಳುತ್ತವೆ:

1860 — 2,188
1890 — 10,324
1920 — 15,203
1940 — 14,407
1950 — 12,123
1960 — 9,348
1970 — 6,277
1980 — 5,931
2010 — 2,831
2020 — 1,733

ನೂರು ವರ್ಷಗಳಲ್ಲಿ ಒಂಬತ್ತು ಮಂದಿ ಇದ್ದೆಡೆ ಒಬ್ಬರು ಉಳಿದಂತಾಯಿತು.

ಕ್ಷಯದ ಕಾರಣಗಳು

ಮೊದಲನೆಯದು ಸಾರಿಗೆಯ ಮಾರ್ಪಾಟು. ರೈಲುಬಂಡಿಗಳನ್ನು ಒಹಾಯೋ ದಾಟಿಸುವುದೇ ಇಲ್ಲಿ ಅನೇಕರಿಗೆ ಜೀವನೋಪಾಯವಾಗಿತ್ತು. 1889ರಲ್ಲಿ ರೈಲು ಸೇತುವೆಯಾಯಿತು. ಮರದ ಉದ್ಯಮ ಇನ್ನೂ ಕೆಲವು ಕಾಲ ಊರನ್ನು ಬೆಳೆಸಿತೇನೋ ನಿಜ. ಆದರೆ ಮೋಟಾರುಗಳಿಗಾಗಿ 1929ರಲ್ಲಿ ಮಿಸಿಸಿಪ್ಪಿಗೂ 1930ರ ದಶಕದ ಕೊನೆಯಲ್ಲಿ ಒಹಾಯೋಗೂ ಸೇತುವೆಗಳಾದ ಮೇಲೆ ದೋಣಿಗಳು ನಿಂತುವು. 1978ರಲ್ಲಿ ಹೊಸ ಹೆದ್ದಾರಿಯ ಸೇತುವೆ ಊರಿನ ಉತ್ತರಕ್ಕೆ ತೆರೆಯಲು, ಪ್ರಯಾಣಿಕರು ಊರನ್ನು ಹೊಗುವ ಅಗತ್ಯವೂ ಉಳಿಯಲಿಲ್ಲ.

ಪ್ರವಾಹವೇ ಊರನ್ನು ಕೊಂದಿತೆಂದು ಊಹಿಸಬಹುದು. ಆದರೆ ಹಾಗಲ್ಲ. 1937ರಲ್ಲಿಯೂ 2011ರ ಮೇ 2ರಂದೂ ಎದುರುದಡದ ಮಿಸೌರಿಯಲ್ಲಿ ಏರಿಯನ್ನು ಸಿಡಿಮದ್ದಿನಿಂದ ಒಡೆದು ನೀರನ್ನು ಹರಿಯಬಿಟ್ಟರು. ಎರಡನೆಯ ಸಲ ಸುಮಾರು 1,30,000 ಎಕರೆ ಸಾಗುವಳಿ ಭೂಮಿ ಮುಳುಗಿತು, ಕೇರೋ ಉಳಿಯಿತು.

ಎರಡನೆಯ ಕಾರಣ ಊರಿನ ಒಳಗೇ ಇತ್ತು. ಬಿಡುಗಡೆಯ ಹೊಸ್ತಿಲಾಗಿದ್ದ ಈ ಊರಿನಲ್ಲಿಯೇ 1909ರಲ್ಲಿ ಸಾವಿರಾರು ಜನರ ಗುಂಪು ಕಪ್ಪು ಮನುಷ್ಯನೊಬ್ಬನನ್ನು ವಿಚಾರಣೆಯಿಲ್ಲದೆ ಕೊಂದಿತು. 1962ರಲ್ಲಿ ಕಪ್ಪುಜನರಿಗೆ ಪ್ರವೇಶವಿಲ್ಲದ ಈಜುಕೊಳದ ಮುಂದೆ ಜಾನ್ ಲೂಯಿಸ್ ಮೊದಲಾದ ತರುಣರು ಪ್ರಾರ್ಥನೆಗೆ ನಿಂತರು. ಜೊತೆಯಾಗಿ ಈಜುವುದಕ್ಕಿಂತ ಕೊಳವನ್ನೇ ಮುಚ್ಚುವುದು ಮೇಲೆಂದು ಅದನ್ನು ಮುಚ್ಚಿಬಿಟ್ಟರು! 1967ರಲ್ಲಿ ರಜೆಯ ಮೇಲೆ ಬಂದಿದ್ದ ಹತ್ತೊಂಬತ್ತು ವರ್ಷದ ಕಪ್ಪು ಸೈನಿಕನೊಬ್ಬ ಸೆರೆಮನೆಯಲ್ಲಿ ಸತ್ತನು. ಆತ್ಮಹತ್ಯೆಯೆಂದು ಪೋಲೀಸರು ಹೇಳಿದುದನ್ನು ಅವನ ಜನ ನಂಬಲಿಲ್ಲ, ಗಲಭೆಗಳಾದುವು. 1969ರಿಂದ ಕಪ್ಪುಜನರು ತಮಗೆ ಕೆಲಸ ಕೊಡದ ಅಂಗಡಿಗಳನ್ನು ಬಹಿಷ್ಕರಿಸಿದರು. ಅವರನ್ನು ಕೆಲಸಕ್ಕೆ ಸೇರಿಸಿಕೊಳ್ಳಲೊಪ್ಪದೆ ಎಷ್ಟೋ ವರ್ತಕರು ಬಾಗಿಲೆಳೆದುಕೊಂಡರು.

ಮೇಲಿನ ಅಂಕಿಗಳನ್ನು ಈಗ ಮತ್ತೊಮ್ಮೆ ನೋಡಿರಿ. ಹತ್ತು ವರ್ಷಗಳಲ್ಲಿ ಅತಿ ಹೆಚ್ಚು ಮಂದಿ, ಅಂದರೆ 3,071 ಜನ, ಕಡಮೆಯಾದುದು 1960ರಿಂದ 1970ರೊಳಗೆ. ಅಷ್ಟು ಹೊತ್ತಿಗೆ ನದಿ ದಾಟುವ ಹಳೆಯ ಸೇತುವೆಗಳಾಗಿ ಮೂವತ್ತು ವರ್ಷ ಕಳೆದಿತ್ತು. ಹೊಸ ಹೆದ್ದಾರಿ ಸೇತುವೆ ಇನ್ನೂ ಬಂದಿರಲಿಲ್ಲ. ಸಾರಿಗೆಯೊಂದರಿಂದಲೇ ಈ ಇಳಿತವನ್ನು ವಿವರಿಸಲಾಗದು.

ಮುಂದಿನದು ಇದರ ಫಲವೇ ಸರಿ. 1986ರಲ್ಲಿ ಆಸ್ಪತ್ರೆ ಮುಚ್ಚಿತು. 2017ರಲ್ಲಿ ಸರ್ಕಾರ ಎರಡು ಹಳೆಯ ವಸತಿಗೃಹ ಸಮೂಹಗಳನ್ನು ಕೆಡಹಲು ನಿರ್ಧರಿಸಿತು. ಅಲ್ಲಿದ್ದ ಬಡಕುಟುಂಬಗಳು ಬಹುಮಟ್ಟಿಗೆ ಊರು ಬಿಡಬೇಕಾಯಿತು.

ಉಪಸಂಹಾರ

ಕೇರೋ ಊರಿನ ಸ್ಥಾನ ಇಂದಿಗೂ ಬದಲಾಗಿಲ್ಲ. ಎರಡು ಮಹಾನದಿಗಳು ಈಗಲೂ ಅಲ್ಲಿ ಕೂಡುತ್ತವೆ, ಸರಕಿನ ದೋಣಿಗಳು ಈಗಲೂ ಅದರ ಮುಂದೆ ಸಾಗುತ್ತವೆ. ಭೂಗೋಳವು ಊರಿಗೆ ಅವಕಾಶವನ್ನು ಕೊಡಬಲ್ಲುದೇ ಹೊರತು ಅದನ್ನು ಉಳಿಸಿಕೊಡಲಾರದು. ಹೊರಗಿನ ನೀರನ್ನು ತಡೆಯಲು ಏರಿ ಸಾಕು. ನೆರೆಯವನನ್ನು ತಡೆಯಲು ಏರಿ ಕಟ್ಟಿದ ಊರು ಬರಿದಾಗುವುದು. ಸಂಗಮದ ಊರಿನವರು ಕಲಿಯಬೇಕಾಗಿದ್ದ ಪಾಠವನ್ನು ನದಿಗಳು ದಿನವೂ ಅವರ ಕಣ್ಣೆದುರಿಗೇ ಇಟ್ಟಿದ್ದುವು.