ವೆಬ್‌ಸೈಟ್: ಮಾಡುವುದು ಸುಲಭ, ನೋಡಿಕೊಳ್ಳುವುದು ಕಷ್ಟ

ಬ್ಯಾಡಗಿಯಲ್ಲಿ ನಮ್ಮ ಮಾಮು ಒಣಮೆಣಸಿನಕಾಯಿ ಅಂಗಡಿ ಇಟ್ಟಿದ್ದಾರೆ. ಕಳೆದ ರಜೆಯಲ್ಲಿ ಅವರಿಗೆ ನಾನೇ ವೆಬ್‌ಸೈಟ್ ಮಾಡಿಕೊಟ್ಟೆ. ಡಬ್ಬಿ, ಕಡ್ಡಿ ಎರಡರ ಫೋಟೊ, ದರ, 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಸಿಕ್ಕ ಜಿಐ ಮಾನ್ಯತೆ, ಎಲ್ಲವನ್ನೂ ಹಾಕಿದೆ. ಕಾಲೇಜು ಶುರುವಾದ ಮೇಲೆ ಮರೆತುಬಿಟ್ಟೆ.

ಎರಡು ತಿಂಗಳಾದ ಮೇಲೆ ರಾಣೆಬೆನ್ನೂರಿನಿಂದ ಬಂದ ಒಬ್ಬ ಅಜ್ಜಿ ಮೊಬೈಲ್‌ನಲ್ಲಿ ದರ ತೋರಿಸಿ ಐದು ಕೆಜಿ ಕೇಳಿದರು. ಅದು ಹಳೇ ದರ. ಮಾಮು ಅದೇ ದರಕ್ಕೆ ತೂಗಿ ಕೊಟ್ಟರು. “ಬರೆದದ್ದು ಮಾತು ಕೊಟ್ಟ ಹಾಗೆ, ಬೇಟಾ” ಎಂದರು. ನನಗೆ ನಾಚಿಕೆಯಾಯಿತು.

ಅಂದಿನಿಂದ ನಾನು ಕಲಿತದ್ದು:

1. ದರದ ಪಕ್ಕ ತಾರೀಖು ಹಾಕಿ.

2. ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನ ಬರಹ ಬೇರೆಯವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ.

3. ಫೋಟೊಗಳ ಗಾತ್ರ ಇಳಿಸಿ ಹಾಕಿ. ಇಲ್ಲವಾದರೆ ನೆಟ್‌ವರ್ಕ್ ಕಡಿಮೆ ಇರುವಲ್ಲಿ ಪುಟ ಬೇಗ ತೆರೆಯುವುದಿಲ್ಲ.

4. ಡೊಮೇನ್ ಹೆಸರು ಬಾಡಿಗೆ ಮನೆ ಇದ್ದ ಹಾಗೆ. ಅವಧಿ ಮುಗಿಯುವ ದಿನ ಬರೆದಿಟ್ಟುಕೊಳ್ಳಿ. ಕಟ್ಟದಿದ್ದರೆ ಅದನ್ನು ಬೇರೆಯವರು ಕೊಳ್ಳಬಹುದು.

5. ಇಡೀ ಸೈಟಿನ ಒಂದು ಕಾಪಿ ಪೆನ್‌ಡ್ರೈವ್‌ನಲ್ಲಿ ಇರಲಿ.

ಕಿರ್ದಿಯನ್ನು ದಿನದಿನವೂ ಬರೆಯಬೇಕೆಂದು ನಾವು ಕಾಮರ್ಸ್‌ನವರು ಓದುತ್ತೇವೆ. ವೆಬ್‌ಸೈಟಿಗೂ ಅದೇ ನಿಯಮ. ಈಗ ಪ್ರತಿ ಶುಕ್ರವಾರ ಅಸರ್ ನಮಾಜ್ ಆದ ಮೇಲೆ ಮಾಮುಗೆ ಫೋನ್ ಮಾಡಿ, ದರ ಕೇಳಿ ಬದಲಿಸುತ್ತೇನೆ.